ತಿಪಟೂರಿಂದ ದಿಲ್ಲಿಗೆ: ಮೊದಲು ತೂಕ, ಆಮೇಲೆ ದಾರಿ

ಹೊರ ರಾಜ್ಯಕ್ಕೆ ಲಾರಿ ಕಳಿಸುವವರ, ಓಡಿಸುವವರ, ಅವರ ಮನೆಯವರ ಪ್ರಶ್ನೆಗಳು ಈ ಸಲ. ಉತ್ತರ ಕೊಡುವವರು ಬಹುಕಾಲ ಉತ್ತರದ ಲೈನಿನಲ್ಲಿ ಲಾರಿ ಓಡಿಸಿ, ಈಗ ಹಿರಿಯೂರಿನಲ್ಲಿ ಲಾರಿ ಆಫೀಸು ಇಟ್ಟುಕೊಂಡಿರುವ ನಮ್ಮ ಅಂಕಣಕಾರರು.

ಪ್ರಶ್ನೆ: ಅಣ್ಣಾ, ನಮಸ್ಕಾರ. ನಮ್ಮೂರು ತಿಪಟೂರು. 2018ರ ಮಾಡೆಲ್ ಹತ್ತು ಚಕ್ರದ ಲಾರಿಯೊಂದನ್ನು ಸೆಕೆಂಡ್ ಹ್ಯಾಂಡ್ ತಗೊಂಡಿದ್ದೇನೆ. ಬಿಎಸ್ 4 ಗಾಡಿ (ಹೊಗೆ ಮಾಲಿನ್ಯದ ಹಳೇ ಮಾನದಂಡದ್ದು). ಇಷ್ಟು ದಿನ ಬೆಂಗಳೂರು, ಚೆನ್ನೈ ಬಿಟ್ಟು ಆಚೆ ಹೋದವನಲ್ಲ. ಈಗ ಬ್ರೋಕರ್ ಒಬ್ಬರು ದಿಲ್ಲಿಗೆ ಕೊಬ್ಬರಿ ಲೋಡು ಕೊಡ್ತೀನಿ ಅಂತಿದ್ದಾರೆ. 20 ಟನ್. ನಾಲ್ಕನೇ ದಿನ ಬೆಳಗ್ಗೆ ಗಾಡಿ ಅಲ್ಲಿರಬೇಕಂತೆ. ಫೋನಿನಲ್ಲಿ ಮೂರು ದಾರಿ ತೋರಿಸುತ್ತಿದೆ. ಯಾವುದು ಹಿಡಿಯಲಿ? ಏನೇನು ಕಾಗದ ಬೇಕು? ಡ್ರೈವರ್ ನಾನೇ, ಜೊತೆಗೆ ಕ್ಲೀನರ್ ಹುಡುಗ ಒಬ್ಬ.

ಉತ್ತರ: ಅಣ್ಣಾ ಅಂದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ದಾರಿ ಆಮೇಲೆ ನೋಡೋಣ. ಮೊದಲು ಆ 20 ಟನ್ ಲೆಕ್ಕ ಮುಗಿಸೋಣ. ಅದು ಸರಿ ಇಲ್ಲದಿದ್ದರೆ ಯಾವ ದಾರಿ ಹಿಡಿದರೂ ತೊಂದರೆಯೇ.

ಆರ್‌ಸಿ ತೆಗೆದು ನೋಡು. ಗಾಡಿಯ ಖಾಲಿ ತೂಕ, ಲೋಡು ಸೇರಿ ಒಟ್ಟು ತೂಕ, ಎರಡೂ ಬರೆದಿರುತ್ತದೆ. 2018ರ ಜುಲೈಯಲ್ಲಿ ಕೇಂದ್ರ ಸರ್ಕಾರ ಆಕ್ಸಲ್ (ಚಕ್ರದ ಅಚ್ಚು) ತೂಕದ ಮಿತಿ ಏರಿಸಿತು. ಹತ್ತು ಚಕ್ರಕ್ಕೆ 25 ಟನ್ ಇದ್ದದ್ದು 28.5 ಟನ್ ಆಯಿತು, ಆರು ಚಕ್ರಕ್ಕೆ 16.2 ಇದ್ದದ್ದು 18.5 ಆಯಿತು. ಅವತ್ತಿನಿಂದ ಬ್ರೋಕರ್‌ಗಳು ಎಲ್ಲ ಹತ್ತು ಚಕ್ರದವರಿಗೂ ಒಂದೇ ಪಾಠ ಹೇಳುತ್ತಾರೆ: ‘28 ಟನ್‌ವರೆಗೂ ನಡೆಯುತ್ತೆ ಬಿಡು’. ನಡೆಯೋದು ನಿನ್ನ ಆರ್‌ಸಿಯಲ್ಲಿ ಬರೆದಿರೋದು ಮಾತ್ರ. ನಿನ್ನ ಗಾಡಿ ಜುಲೈಗಿಂತ ಮುಂಚೆ ತಯಾರಾಗಿದ್ದರೆ ಅದರಲ್ಲಿ 25,000 ಕೆಜಿ ಅಂತಲೇ ಇರುವ ಸಾಧ್ಯತೆ ಜಾಸ್ತಿ. ಬಾಡಿ ಕಟ್ಟಿಸಿದ ಹತ್ತು ಚಕ್ರದ ಲಾರಿ ಖಾಲಿಯೇ 9 ಟನ್ ಹತ್ತಿರ ಬರುತ್ತದೆ. ಉಳಿಯೋದು 16. ಬ್ರೋಕರ್ ಹೇಳಿದ್ದು 20. ನಾಲ್ಕು ಟನ್ ಹೆಚ್ಚಾಯಿತು.

ಇದಕ್ಕೆ ದಂಡ ಎಷ್ಟು ಗೊತ್ತಾ? ಮೋಟಾರು ವಾಹನ ಕಾಯ್ದೆಯ 194ನೇ ಕಲಂ, 2019ರ ತಿದ್ದುಪಡಿ ಆದ ಮೇಲೆ, 20,000 ರೂಪಾಯಿ ಅನ್ನುತ್ತದೆ. ಅದರ ಮೇಲೆ ಜಾಸ್ತಿ ಇರುವ ಪ್ರತಿ ಟನ್ನಿಗೆ 2,000. ಒಟ್ಟು 28,000. ಕಟ್ಟಿ ಮುಂದೆ ಹೋಗೋ ಹಾಗೂ ಇಲ್ಲ, ಜಾಸ್ತಿ ಇದ್ದದ್ದನ್ನು ಇಳಿಸಿಯೇ ಹೋಗಬೇಕು. ಇಳಿಸುವ ಖರ್ಚೂ ನಿನ್ನ ಮೇಲೇ. ಆದಿಲಾಬಾದ್ ಹತ್ತಿರ ರಸ್ತೆ ಬದಿಯಲ್ಲಿ ನಾಲ್ಕು ಟನ್ ಕೊಬ್ಬರಿ ಇಳಿಸಿ ಯಾರ ಸುಪರ್ದಿಗೆ ಬಿಡ್ತೀಯ? ತೂಕ ಮಾಡಿಸೋಕೆ ನಿಲ್ಲಿಸದೆ ಓಡಿದರೆ 40,000. ‘ಎಂಟ್ರಿ ಕೊಟ್ಟರೆ ಬಿಡ್ತಾರೆ’ ಅಂತ ಬ್ರೋಕರ್ ಹೇಳಿರುತ್ತಾರೆ (ಎಂಟ್ರಿ ಅಂದರೆ ತಡೆದವರಿಗೆ ಕೊಡುವ ಮಾಮೂಲು). ಎಂಟ್ರಿ ಕೊಟ್ಟ ಮೇಲೂ ನಿನ್ನ ಬ್ರೇಕು 29 ಟನ್ನನ್ನೇ ಹಿಡಿದು ನಿಲ್ಲಿಸಬೇಕಲ್ವಾ?

ಹಾಗಾಗಿ ಮೊದಲು ಖಾಲಿ ಗಾಡಿ ತೂಕ ಮಾಡಿಸು. ಡೀಸೆಲ್ ಟ್ಯಾಂಕ್ ತುಂಬಿರಲಿ. ಸ್ಟೆಪ್ನಿ, ಟಾರ್ಪಾಲು, ಹಗ್ಗ, ಅಡುಗೆ ಸಾಮಾನು ಎಲ್ಲ ಗಾಡಿಯಲ್ಲೇ ಇರಲಿ. ಆರ್‌ಸಿಯಲ್ಲಿರುವ ಖಾಲಿ ತೂಕ ಶೋರೂಮಿನ ಕಾಲದ್ದು. ಆಮೇಲೆ ಕೂರಿಸಿದ ತಗಡು, ಕ್ಯಾರಿಯರ್ ಅದರಲ್ಲಿ ಇರೋದಿಲ್ಲ. ಲೋಡ್ ಆದ ಮೇಲೆ ಅದೇ ವೇಬ್ರಿಡ್ಜ್‌ನಲ್ಲಿ ಇನ್ನೊಮ್ಮೆ ತೂಗಿಸು. ಎರಡೂ ಚೀಟಿ ಬಿಲ್ಟಿಗೆ (ಮಾಲು ಸಾಗಣೆಯ ರಸೀದಿ) ಪಿನ್ ಮಾಡಿ ಇಟ್ಟುಕೋ. 16 ಟನ್ ಬಾಡಿಗೆಗೆ ಪಾರ್ಟಿ (ಮಾಲಿನವರು) ಒಪ್ಪದಿದ್ದರೆ ಆ ಲೋಡು ಹನ್ನೆರಡು ಚಕ್ರದವರಿಗೆ ಹೋಗಲಿ, ಬಿಡು.

ಕೊಬ್ಬರಿ ವಿಷಯದಲ್ಲಿ ಇನ್ನೊಂದು ಮಾತು. ನಮ್ಮಲ್ಲಿ ಅದನ್ನು ಅಕ್ಕಿ ಬೇಳೆ ಹೇರಿದ ಹಾಗೆ ಹೇರುತ್ತಾರೆ. ಆದರೆ ಹಡಗಿನಲ್ಲಿ ಸಾಗಿಸುವವರ ಅಪಾಯದ ಸರಕಿನ ಪಟ್ಟಿಯಲ್ಲಿ ಕೊಬ್ಬರಿ ಇದೆ, ತಾನೇ ಬಿಸಿಯೇರಿ ಹೊತ್ತಿಕೊಳ್ಳಬಹುದಾದ ಮಾಲು ಅಂತ. ಎಣ್ಣೆ ಅಂಶ ಇರುವ ಮಾಲು ಒದ್ದೆಯಾಗಿ, ಗಾಳಿ ಆಡದೆ ಇದ್ದರೆ ಒಳಗೊಳಗೇ ಕಾಯುತ್ತದೆ. ತಿಪಟೂರಿನ ಅಟ್ಟದಲ್ಲಿ ಚೆನ್ನಾಗಿ ಒಣಗಿದ ಉಂಡೆ ಕೊಬ್ಬರಿಗೆ ಆ ಭಯ ಕಡಿಮೆ. ಆದರೂ ಲೋಡ್ ಆಗುವಾಗ ಪಕ್ಕದಲ್ಲಿ ನಿಂತು ಚೀಲಕ್ಕೆ ಕೈ ಹಾಕಿ ನೋಡು. ತೇವ ತಗುಲಿದರೆ ಆ ಚೀಲ ಬೇಡ ಅನ್ನು. ಮೇಲೆ ಎರಡು ಟಾರ್ಪಾಲು ಹಾಕು. ಚೀಲ ಹಗುರ ಅಂತ ಮೇಲಕ್ಕೆ ಮೇಲಕ್ಕೆ ಏರಿಸುತ್ತಾರೆ. ನೆಲದಿಂದ 4 ಮೀಟರ್ ದಾಟಬಾರದು, ಅಗಲ 2.6 ಮೀಟರ್ ದಾಟಬಾರದು. ಹೊರಗೆ ಚಾಚಿಕೊಂಡ ಲೋಡಿಗೂ ದಂಡ 20,000ವೇ.

ಕಾಗದಗಳು. ಇನ್ಶೂರೆನ್ಸ್, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಟ್ಯಾಕ್ಸ್, ಎಮಿಷನ್, ನಿನ್ನ ಹೆವಿ ಡಿಎಲ್ ಇವೆಲ್ಲ ನಿನಗೆ ಗೊತ್ತು. ಎಂಟು ವರ್ಷದವರೆಗಿನ ಗಾಡಿಗೆ ಎಫ್‌ಸಿ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ನಿನ್ನದು ಆ ಗಡಿಯಲ್ಲಿದೆ, ತಾರೀಕು ನೋಡಿಕೋ. ಹೊಸದಾಗಿ ಬೇಕಾಗೋದು ನ್ಯಾಷನಲ್ ಪರ್ಮಿಟ್. ವರ್ಷಕ್ಕೆ 16,500 ರೂಪಾಯಿ ಕಟ್ಟಿದರೆ ಎಲ್ಲ ರಾಜ್ಯಕ್ಕೂ ಸೇರಿ ಆಯಿತು, ಅದರ ಮೇಲೆ ಆಥರೈಸೇಷನ್ನಿಗೆ ವರ್ಷಕ್ಕೆ 1,000. ಮಲ್ಟಿ ಆಕ್ಸಲ್ ಗಾಡಿಗೆ (ಎರಡಕ್ಕಿಂತ ಹೆಚ್ಚು ಆಕ್ಸಲ್ ಇರೋದು, ನಿನ್ನದೂ ಅದೇ) 15 ವರ್ಷ ವಯಸ್ಸಿನವರೆಗೂ ಕೊಡುತ್ತಾರೆ, ಆರು ಚಕ್ರಕ್ಕೆ 12 ವರ್ಷ. ಗಾಡಿ ಇನ್ನೂ ಹಳೇ ಮಾಲೀಕರ ಹೆಸರಿನಲ್ಲಿದ್ದರೆ ಪರ್ಮಿಟ್ಟೂ ಇನ್ಶೂರೆನ್ಸೂ ನಿನ್ನ ಹೆಸರಿಗೆ ಬರುವವರೆಗೆ ಗಡಿ ದಾಟಬೇಡ. ಆಕ್ಸಿಡೆಂಟ್ ಆದ ದಿನ ಆ ‘ಆಮೇಲೆ ಮಾಡಿಸಿದರಾಯಿತು’ ಎಷ್ಟು ದುಬಾರಿ ಅಂತ ಗೊತ್ತಾಗುತ್ತದೆ.

ಮಾಲಿನ ಬೆಲೆ 50,000 ದಾಟಿದ್ದರೆ ಇ-ವೇ ಬಿಲ್ (ಮಾಲು ಸಾಗಿಸಲು ಜಿಎಸ್‌ಟಿಯವರ ಪೋರ್ಟಲ್‌ನಲ್ಲಿ ಮಾಡಿಸುವ ಚೀಟಿ) ಬೇಕು. ಪಾರ್ಟಿ ಕೊಡುತ್ತಾರೆ. ನೀನು ನೋಡಬೇಕಾದ್ದು ‘ಬಿ’ ಭಾಗದಲ್ಲಿ ನಿನ್ನ ಗಾಡಿ ನಂಬರ್ ಸರಿಯಾಗಿದೆಯಾ ಅನ್ನೋದು. ಒಂದು ಅಕ್ಷರ ತಪ್ಪಿದರೂ ದಾರಿಯಲ್ಲಿ ಉತ್ತರ ಹೇಳೋನು ನೀನು, ಪಾರ್ಟಿ ಅಲ್ಲ.

ಈಗ ದಾರಿ. ಫೋನಿನ ಮ್ಯಾಪು ನಿನ್ನನ್ನು ಕಾರು ಅಂದುಕೊಂಡು ದಾರಿ ತೋರಿಸುತ್ತದೆ. ಅದು ಹೇಳುವ ಮೂರು ದಾರಿ ಯಾವುದು ಅಂತ ಬರೆದಿಲ್ಲ. ಆದರೂ ನಮ್ಮ ಕಡೆಯಿಂದ ದಿಲ್ಲಿಗೆ ಇರೋದೇ ಮೂರು.

ಒಂದು, ಹಿರಿಯೂರಿಗೆ ಬಂದು ರಾಷ್ಟ್ರೀಯ ಹೆದ್ದಾರಿ 48. ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ, ಪುಣೆ, ಮುಂಬೈ ಹೊರಗಿಂದ ಸೂರತ್, ಅಹಮದಾಬಾದ್, ಉದಯಪುರ, ಜೈಪುರ. ರಸ್ತೆ ಪೂರ್ತಿ ಅಗಲ. ಆದರೆ ಸತಾರಾ ಆದ ಮೇಲೆ ಖಂಬಾಟ್ಕಿ ಘಾಟ್, ಪುಣೆ ಹತ್ತಿರ ಕಾತ್ರಜ್ ಸುರಂಗ ದಾಟಿ ನವಲೆ ಸೇತುವೆವರೆಗೆ ಇಳಿಜಾರು, ಆಮೇಲೆ ಖಂಡಾಲಾ. ಮುಂಬೈ, ಠಾಣೆ ಸುತ್ತ ಹಗಲು ನಿರ್ಬಂಧ.

ಎರಡು, ವಿಜಯಪುರ, ಸೊಲ್ಲಾಪುರ, ಧುಳೆ, ಇಂದೋರ್ ಕಡೆಯ ಹೆದ್ದಾರಿ 52. ಮ್ಯಾಪಿನಲ್ಲಿ ನೋಡಲು ನೇರ, ಚಂದ. ಔರಂಗಾಬಾದ್ ಬಿಟ್ಟು ಚಾಳೀಸ್‌ಗಾಂವ್‌ಗೆ ಇಳಿಯುವ ಕಡೆ ಕನ್ನಡ ಘಾಟ್ ಅಂತ ಇದೆ (ಹೌದು, ಆ ಊರಿನ ಹೆಸರೇ ಕನ್ನಡ). ಅಲ್ಲಿ ಭಾರಿ ವಾಹನಕ್ಕೆ 2023ರ ಆಗಸ್ಟ್‌ನಲ್ಲಿ ಹೈಕೋರ್ಟ್ ಆದೇಶದ ಮೇಲೆ ನಿಷೇಧ ಹಾಕಿದರು. ಲಾರಿಯವರು ನಾಂದಗಾಂವ್ ಕಡೆಯಿಂದ ಸುತ್ತಬೇಕಾಯಿತು. ಕಾರಿನವರಿಗೆ ಆ ತಾಪತ್ರಯ ಇಲ್ಲ, ಫೋನಿಗೂ ಇಲ್ಲ. ಧುಳೆ ದಾಟಿ ಮಧ್ಯಪ್ರದೇಶದ ಗಡಿಯಲ್ಲಿ ಮತ್ತೆ ಘಾಟ್. ಅಲ್ಲಿ ಪಳಾಸ್ನೇರ್ ಅನ್ನೋ ಊರಲ್ಲಿ 2023ರ ಜುಲೈಯಲ್ಲಿ ಬ್ರೇಕ್ ಹೋದ ಕಂಟೇನರ್ ಒಂದು ಹೋಟೆಲಿಗೆ ನುಗ್ಗಿ ಕನಿಷ್ಠ ಹತ್ತು ಜನರ ಜೀವ ಹೋಯಿತು, ಇನ್ನೂ ಹಲವರಿಗೆ ಗಾಯವಾಯಿತು.

ಮೂರು, ಶಿರಾ, ಮಡಕಶಿರಾ, ಹಿಂದೂಪುರದ ಮೇಲೆ ಕೊಡಿಕೊಂಡಕ್ಕೆ ಹೋಗಿ ಹೆದ್ದಾರಿ 44 ಹಿಡಿಯೋದು. ಕರ್ನೂಲು, ಹೈದರಾಬಾದ್, ನಾಗಪುರ, ಝಾನ್ಸಿ, ಆಗ್ರಾ. ಮೊದಲ ಸಲ ಹೋಗುವ ನಿನಗೆ ನಾನು ಹೇಳೋದು ಇದೇ. ಒಟ್ಟು 2,200 ಕಿಲೋಮೀಟರ್ ಆಸುಪಾಸು, 48ರ ದಾರಿ ಅದಕ್ಕಿಂತ ಕಡಿಮೆ ಏನಲ್ಲ. ಇದರಲ್ಲಿ ದೊಡ್ಡ ಇಳಿಜಾರು ಕಡಿಮೆ, ದೊಡ್ಡ ಊರುಗಳ ಹೊರಗೆ ಸುತ್ತು ರಸ್ತೆ ಇದೆ.

2,200ಕ್ಕೆ ಎಷ್ಟು ದಿನ? ಲೋಡ್ ಗಾಡಿ ಟೋಲು, ಟ್ರಾಫಿಕ್ಕು ಎಲ್ಲ ಸೇರಿ ಗಂಟೆಗೆ 40 ಕಿಲೋಮೀಟರ್ ಸಿಕ್ಕರೆ ದೊಡ್ಡದು. ನಾಲ್ಕು ಲೇನ್ ರಸ್ತೆಯಲ್ಲೂ ನಮಗೆ ಮಿತಿ 80, ಬೇರೆ ರಸ್ತೆಯಲ್ಲಿ 60. ಒಬ್ಬನೇ ಡ್ರೈವರ್ ದಿನಕ್ಕೆ 10 ಗಂಟೆ ಅಂದರೆ 400 ಕಿಲೋಮೀಟರ್. ಐದು ದಿನ ಪೂರ್ತಿ, ಆರನೇ ದಿನ ಅರ್ಧ. ಬ್ರೋಕರ್ ಹೇಳಿದ ಹಾಗೆ ನಾಲ್ಕನೇ ಬೆಳಗ್ಗೆ ಮುಟ್ಟಬೇಕಾದರೆ ದಿನಕ್ಕೆ 18 ಗಂಟೆ ಸ್ಟಿಯರಿಂಗ್ ಹಿಡಿಯಬೇಕು. ಅದು ಇಬ್ಬರು ಡ್ರೈವರ್ ಮಾಡುವ ಕೆಲಸ. ಆ ಹುಡುಗನ ಕೈಗೆ ಮಾತ್ರ ರಾತ್ರಿ ಸ್ಟಿಯರಿಂಗ್ ಕೊಡಬೇಡ. ಹೆವಿ ಲೈಸೆನ್ಸ್ ಇಲ್ಲದವನು ಓಡಿಸುತ್ತಿದ್ದ ಅಂತಾದರೆ ಇನ್ಶೂರೆನ್ಸಿನವರ ಜೊತೆ ವರ್ಷಗಟ್ಟಲೆ ಜಗ್ಗಾಡಬೇಕಾಗುತ್ತದೆ. ಬ್ರೋಕರ್ ಹತ್ತಿರ ಆರನೇ ದಿನ ಅಂತ ಬಿಲ್ಟಿಯಲ್ಲೇ ಬರೆಸು. ಇ-ವೇ ಬಿಲ್ಲಿಗೆ 200 ಕಿಲೋಮೀಟರಿಗೆ ಒಂದು ದಿನದ ಲೆಕ್ಕ, ನಿನಗೆ 11 ದಿನ ಸಿಗುತ್ತದೆ. ಸರ್ಕಾರವೇ ಅಷ್ಟು ದಿನ ಕೊಟ್ಟಿರುವಾಗ ಬ್ರೋಕರ್‌ಗೆ ಏನು ಅವಸರವೋ!

ನಾನು ಹಾಕಿಕೊಡುವ ಹಾಲ್ಟ್ ಹೀಗೆ. ಬೆಳಗ್ಗೆ ಐದಕ್ಕೆ ಹೊರಟರೆ ಮೊದಲ ರಾತ್ರಿ ಕರ್ನೂಲು. ಎರಡನೇ ದಿನ ಹೈದರಾಬಾದಿನ ಒಳಗೆ ಹೋಗಬೇಡ. ಶಂಷಾಬಾದಿನಲ್ಲಿ ಔಟರ್ ರಿಂಗ್ ರೋಡ್ ಹತ್ತಿ ಮೇಡ್ಚಲ್ ಕಡೆ ಇಳಿದು ನಿರ್ಮಲ್‌ವರೆಗೆ. ಮೂರನೇ ದಿನ ಆದಿಲಾಬಾದ್, ನಾಗಪುರದ ಹೊರಗಿನ ರಸ್ತೆ, ಸಂಜೆಗೆ ಸಿವನಿ. ನಾಗಪುರ–ಸಿವನಿ ನಡುವೆ ಪೆಂಚ್ ಕಾಡು ಬರುತ್ತದೆ, ಪ್ರಾಣಿಗಳು ದಾಟಲಿ ಅಂತ ಹೆದ್ದಾರಿಯನ್ನೇ ಮೇಲೆತ್ತಿ ಕಟ್ಟಿದ್ದಾರೆ. ಅಲ್ಲಿ ಎಲ್ಲೂ ನಿಲ್ಲಿಸಬೇಡ. ನಾಲ್ಕನೇ ದಿನ ಸಾಗರ ದಾಟಿ ಲಲಿತಪುರ (ನಮ್ಮ ಸಾಗರ ಅಲ್ಲ, ಮಧ್ಯಪ್ರದೇಶದ್ದು). ಐದನೇ ದಿನ ಝಾನ್ಸಿ, ಗ್ವಾಲಿಯರ್, ಆಗ್ರಾ, ರಾತ್ರಿ ಮಥುರಾ. ಡಿಸೆಂಬರ್, ಜನವರಿಯಲ್ಲಿ ಗ್ವಾಲಿಯರ್‌ನಿಂದ ಮುಂದೆ ಮಂಜು. ಬಾನೆಟ್ ಮುಂದೆ ಹತ್ತಡಿ ಕಾಣಲ್ಲ. ಆ ತಿಂಗಳಲ್ಲಿ ಹೋದರೆ ಬಿಸಿಲು ಬರುವ ತನಕ ಗಾಡಿ ಎತ್ತಬೇಡ, ಇನ್ನೊಂದು ದಿನ ಸೇರಿಸಿಕೋ.

ನಿಲ್ಲಿಸೋದು ಪೆಟ್ರೋಲ್ ಬಂಕ್ ಒಳಗೆ, ಇಲ್ಲ ನಾಲ್ಕು ಲಾರಿ ನಿಂತಿರುವ ಡಾಬಾದಲ್ಲಿ. ಹೆದ್ದಾರಿ ಅಂಚಿನಲ್ಲಿ ಇಂಡಿಕೇಟರ್ ಹಾಕಿ ಮಲಗುವವರನ್ನು ನೋಡಿರುತ್ತೀಯ. ಹಿಂದಿನಿಂದ ಬಂದು ಗುದ್ದುವವನಿಗೆ ನೀನು ನಿಂತಿದ್ದೀಯ ಅಂತ ಗೊತ್ತಾಗೋದು ಕೊನೇ ಕ್ಷಣದಲ್ಲಿ. ಡೀಸೆಲ್ ಟ್ಯಾಂಕಿನ ಮುಚ್ಚಳ ಗೋಡೆ ಕಡೆಗೆ ಬರೋ ಹಾಗೆ ನಿಲ್ಲಿಸು. ಹಗ್ಗ ಕತ್ತರಿಸಿ ಚೀಲ ಎಳೆಯುವ ಕೈಗಳು ಎಲ್ಲ ರಾಜ್ಯದಲ್ಲೂ ಇವೆ.

ಟೀ ಕುಡಿಯೋಕೆ ನಿಲ್ಲಿಸಿದಾಗ ಮೊದಲು ಗಾಡಿಗೆ ಒಂದು ಸುತ್ತು ಬಾ, ಆಮೇಲೆ ಟೀ. ಕಬ್ಬಿಣದ ಲಿವರಿನಿಂದ ಒಂದೊಂದು ಟೈರಿಗೂ ತಟ್ಟು. ಗಾಳಿ ಸರಿ ಇದ್ದರೆ ಲಿವರ್ ಪುಟಿದು ಕೈಗೆ ಬರುತ್ತದೆ, ಕಮ್ಮಿ ಇದ್ದರೆ ‘ದೊಪ್’ ಅಂತ ಕೂತುಬಿಡುತ್ತದೆ. ಹಿಂದಿನ ಜೋಡಿ ಟೈರಿನಲ್ಲಿ ಒಳಗಿನದನ್ನು ಬಿಡಬೇಡ. ಅದರ ಗಾಳಿ ಹೋದರೆ ಹೊರಗಿನದು ಅಷ್ಟೂ ಭಾರ ಹೊತ್ತು ಕಾಯುತ್ತಾ ಹೋಗಿ ಸಿಡಿಯುತ್ತದೆ. ಎರಡರ ನಡುವೆ ಕಲ್ಲು ಸಿಕ್ಕಿದ್ದರೆ ತೆಗೆ. ಹಬ್ (ಚಕ್ರದ ನಡುಭಾಗ) ಹತ್ತಿರ ಅಂಗೈ ಹಿಂಭಾಗ ಒಯ್ದು ನೋಡು, ಮುಟ್ಟಬೇಡ. ಐದು ಹಬ್ ಬೆಚ್ಚಗಿದ್ದು ಒಂದು ಮಾತ್ರ ಸುಡುತ್ತಿದ್ದರೆ ಬ್ರೇಕ್ ಹಿಡಿದುಕೊಂಡಿದೆ, ಇಲ್ಲ ಬೇರಿಂಗ್ ಹೋಗುತ್ತಿದೆ.

ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿ ಡೀಸೆಲ್ ಉಳಿಸುವ ಪಾಠ ಯಾರಾದರೂ ಹೇಳಿಕೊಟ್ಟಿದ್ದರೆ ಇವತ್ತೇ ಮರೆತುಬಿಡು. ಏರ್ ಬ್ರೇಕ್ ಗಾಡಿಗೆ ಎಂಜಿನ್ ತಿರುಗಿದರೆ ಮಾತ್ರ ಗಾಳಿ. ಪುಣೆಯ ನವಲೆ ಸೇತುವೆ ಹತ್ತಿರ 2022ರ ನವೆಂಬರ್ 20ರಂದು ಒಂದೇ ಲಾರಿಯಿಂದ ಸುಮಾರು 48 ಗಾಡಿ ಜಖಂ ಆದವು. ಇಳಿಜಾರಿನಲ್ಲಿ ಡ್ರೈವರ್ ಎಂಜಿನ್ ಆಫ್ ಮಾಡಿ ಗಾಡಿ ಬಿಟ್ಟಿದ್ದ ಅಂತ ಮೊದಲ ತನಿಖೆಯಲ್ಲಿ ಬಂತು. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು. ಎಕ್ಸಾಸ್ಟ್ ಬ್ರೇಕ್ (ಹೊಗೆ ತಡೆದು ಎಂಜಿನ್ನಿನಿಂದಲೇ ವೇಗ ತಗ್ಗಿಸುವುದು) ಹಾಕಿರು. ಕಾಲಿನ ಬ್ರೇಕು ಒತ್ತಿ ಹಿಡಿದೇ ಇಳಿದರೆ ಲೈನರ್ ಸುಟ್ಟ ವಾಸನೆ ಬರುತ್ತದೆ. ವಾಸನೆ ಬಂದ ಮೇಲೆ ಬ್ರೇಕು ಇರೋದು ಹೆಸರಿಗೆ ಮಾತ್ರ.

ದಿಲ್ಲಿ ಪ್ರವೇಶವೇ ಒಂದು ದೊಡ್ಡ ಕಥೆ. ಹಗಲು ಭಾರಿ ಲಾರಿಗೆ ಒಳಗೆ ಬಿಡಲ್ಲ. ಮಥುರಾ ದಾಟಿ ಸಿಗುವ ಪಲ್ವಲ್‌ನಲ್ಲಿ ಹೊರಗಿನ ಎಕ್ಸ್‌ಪ್ರೆಸ್‌ವೇ ಹತ್ತಿದರೆ ಊರು ಮುಟ್ಟದೆ ಉತ್ತರಕ್ಕೆ ಕುಂಡ್ಲಿವರೆಗೂ ಹೋಗಬಹುದು, ಸುಮಾರು 135 ಕಿಲೋಮೀಟರ್. ಕೊಬ್ಬರಿ ಮಾರಾಟ ಆಗೋದು ಹಳೇ ದಿಲ್ಲಿಯ ಖಾರಿ ಬಾವ್ಲಿ ಕಡೆ. ಆ ಗಲ್ಲಿಗೆ ಹತ್ತು ಚಕ್ರ ಹೋಗೋದು ಕನಸಿನಲ್ಲೂ ಆಗಲ್ಲ. ಗೋಡೌನ್ ಎಲ್ಲಿ, ಸಂಜಯ್ ಗಾಂಧಿ ಟ್ರಾನ್ಸ್‌ಪೋರ್ಟ್ ನಗರದಲ್ಲಾ, ಗಡಿಯ ಹೊರಗಾ ಅಂತ ಲೋಡ್ ಮಾಡುವ ಮುಂಚೆಯೇ ಕೇಳು. ದಿಲ್ಲಿ ಒಳಗೆ ಹೋಗೋದಾದರೆ ಫಾಸ್ಟ್ಯಾಗ್ ಬೇರೆ, ಅಲ್ಲಿನ ಕಾರ್ಪೊರೇಷನ್ ಟೋಲು ಮತ್ತು ಪರಿಸರ ಶುಲ್ಕ ಬೇರೆ. ಆ ಶುಲ್ಕ ಸುಪ್ರೀಂ ಕೋರ್ಟ್ ಆದೇಶದ ಮೇಲೆ 2015ರಿಂದ ಇದೆ. ಅದಕ್ಕಿಂತ ಮುಖ್ಯ, ನಿನ್ನದು ಬಿಎಸ್ 4. ಹೊರ ರಾಜ್ಯದ ಬಿಎಸ್ 6ಕ್ಕಿಂತ ಹಳೇ ಸರಕು ಗಾಡಿಗಳನ್ನು 2025ರ ನವೆಂಬರ್ 1ರಿಂದ ದಿಲ್ಲಿಯೊಳಗೆ ಬಿಡಬಾರದು ಅಂತ ಆದೇಶ ಆಗಿದೆ. ಬಿಎಸ್ 4ಕ್ಕೆ ಕೊಟ್ಟ ವಿನಾಯಿತಿ 2026ರ ಅಕ್ಟೋಬರ್ 31ರವರೆಗೆ. ಚಳಿಗಾಲದಲ್ಲಿ ಹೊಗೆ ಜಾಸ್ತಿಯಾದರೆ ಅದಕ್ಕಿಂತ ಮುಂಚೆಯೂ ತಡೆಯುತ್ತಾರೆ. ಹಾಗಾಗಿ ಮಾಲು ಗಡಿಯ ಹೊರಗೆ ಇಳಿಯುವ ಹಾಗೆ ಮಾತಾಡಿಕೊಂಡರೆ ನಿನಗೆ ಒಳ್ಳೆಯದು.

ವಾಪಸ್ ಲೋಡು ಸಿಗುವವರೆಗೆ ಸುಮ್ನೆ ಕೂರೋಕೆ ಬೇಜಾರಾಗುತ್ತದೆ. ಆಗ ಯಾರೋ ಬಂದು ‘ಆಗ್ರಾದಿಂದ ಕಾನ್ಪುರಕ್ಕೆ ಒಂದು ಟ್ರಿಪ್ ಹೊಡಿ’ ಅನ್ನುತ್ತಾರೆ. ಹೊಡೆಯಬೇಡ. ನ್ಯಾಷನಲ್ ಪರ್ಮಿಟ್ ಗಾಡಿ ಬೇರೆ ರಾಜ್ಯದ ಒಳಗೇ ಒಂದು ಕಡೆ ತುಂಬಿ ಅದೇ ರಾಜ್ಯದ ಇನ್ನೊಂದು ಕಡೆ ಇಳಿಸುವ ಹಾಗಿಲ್ಲ. ಕಿಶನ್‌ಗಢದ ಮಾರ್ಬಲ್ ಸಿಕ್ಕರೆ ಬೆಂಗಳೂರಿಗೆ ಒಳ್ಳೇ ಬಾಡಿಗೆ. ಆದರೆ ಮಾರ್ಬಲ್ ನೋಡೋಕೆ ಅರ್ಧ ಬಾಡಿಯೂ ತುಂಬಿರಲ್ಲ, ತೂಕ ಆಗಲೇ 16 ಟನ್ ದಾಟಿರುತ್ತದೆ.

ಪ್ರಶ್ನೆ: ಅಣ್ಣ, ನಮ್ಮ ಯಜಮಾನರು ಹುಬ್ಬಳ್ಳಿಯ ಮಾಲೀಕರೊಬ್ಬರ ಗಾಡಿಯಲ್ಲಿ ಅಹಮದಾಬಾದ್ ಲೈನಿಗೆ ಹೋಗುತ್ತಾರೆ. ಮೊದಲು ಇಬ್ಬರು ಇರುತ್ತಿದ್ದರು, ಈಗ ಒಬ್ಬರೇ. ‘ಇಬ್ಬರು ಡ್ರೈವರ್ ಬೇಕು ಅನ್ನೋ ಕಾನೂನೇ ಹೋಯ್ತು’ ಅನ್ನುತ್ತಾರೆ ಮಾಲೀಕರು. ಇವರು ನಿದ್ದೆಗೆಟ್ಟು ಗುಟ್ಕಾ ಮೇಲೆ ಗುಟ್ಕಾ ಹಾಕಿ ಓಡಿಸುತ್ತಾರೆ. ಇನ್ನೊಂದು ಭಯ: ಆಕ್ಸಿಡೆಂಟ್ ಆದರೆ ಓಡಿ ಹೋಗು, ಇಲ್ಲದಿದ್ದರೆ ಜನ ಹೊಡೆದು ಹಾಕುತ್ತಾರೆ ಅಂತ ಜೊತೆಯವರು ಹೇಳಿಕೊಟ್ಟಿದ್ದಾರೆ. — ರಾಣೆಬೆನ್ನೂರು

ಉತ್ತರ: ತಂಗೀ, ಮಾಲೀಕರು ಹೇಳಿದ್ದರಲ್ಲಿ ಅರ್ಧ ನಿಜ. ನ್ಯಾಷನಲ್ ಪರ್ಮಿಟ್ ಗಾಡಿಯಲ್ಲಿ ಇಬ್ಬರು ಡ್ರೈವರ್ ಕಡ್ಡಾಯ ಅನ್ನೋ ನಿಯಮವನ್ನು 2018ರಲ್ಲಿ ತೆಗೆದರು. ಆದರೆ ಒಬ್ಬನೇ ಇಬ್ಬರ ಕೆಲಸ ಮಾಡಲಿ ಅಂತ ಯಾರೂ ಹೇಳಿಲ್ಲ. 2025ರ ನವೆಂಬರ್‌ನಲ್ಲಿ ಹೊಸ ಕಾರ್ಮಿಕ ಸಂಹಿತೆ ಬರುವವರೆಗೆ ಇದ್ದ 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆ ಹಾಕಿಕೊಟ್ಟಿದ್ದ ಲೆಕ್ಕ ದಿನಕ್ಕೆ 8 ಗಂಟೆ, ವಾರಕ್ಕೆ 48. ದೂರದ ಲೈನಿಗೆ ಹೆಚ್ಚೆಂದರೆ 10 ಗಂಟೆ. ಐದು ಗಂಟೆ ಆದ ಮೇಲೆ ಅರ್ಧ ಗಂಟೆಯಾದರೂ ಬಿಡುವು. ವಾರಕ್ಕೊಂದು ರಜೆ. ಮಾಲೀಕರ ಜೊತೆ ಜಗಳ ಆಡಿ ಅಂತ ನಾನು ಹೇಳಲ್ಲ. ಹುಬ್ಬಳ್ಳಿಯಿಂದ ಅಹಮದಾಬಾದ್ ಸಾವಿರ ಕಿಲೋಮೀಟರ್ ಮೇಲೆ. ಒಬ್ಬರಿಗೆ ಮೂರು ದಿನದ ಕೆಲಸ ಅದು. ಎರಡು ದಿನಕ್ಕೆ ಮುಟ್ಟಬೇಕಾದರೆ ಎರಡನೇ ಡ್ರೈವರ್ ಕೊಡಿ, ಇಲ್ಲ ಮೂರು ದಿನ ಕೊಡಿ ಅಂತ ಯಜಮಾನರು ಲೋಡ್ ಆಗುವ ಮುಂಚೆ ಕೇಳಲಿ. ಬಿಲ್ಟಿ ಬರೆದಾದ ಮೇಲೆ ಯಾರೂ ಕೇಳಿಸಿಕೊಳ್ಳಲ್ಲ.

ಗುಟ್ಕಾ ನಿದ್ದೆ ತಡೆಯಲ್ಲ, ದವಡೆ ಆಡಿಸುತ್ತದೆ ಅಷ್ಟೇ. ರಾತ್ರಿ ಎರಡರಿಂದ ಬೆಳಗ್ಗೆ ಐದರವರೆಗೆ ಕಣ್ಣು ಬಿಟ್ಟುಕೊಂಡೇ ತಲೆ ನಿದ್ದೆ ಹೋಗುತ್ತದೆ. ಹಿಂದಿನ ಟೋಲ್ ಯಾವಾಗ ದಾಟಿದೆ ಅನ್ನೋದು ನೆನಪಿಗೆ ಬರದಿದ್ದರೆ ಅದೇ ಗುರುತು, ತಕ್ಷಣ ನಿಲ್ಲಿಸಬೇಕು. ರಾತ್ರಿ ಹನ್ನೊಂದಕ್ಕೆ ನಿಲ್ಲಿಸಿ ನಾಲ್ಕಕ್ಕೆ ಎದ್ದರೆ ಏನೂ ನಷ್ಟ ಇಲ್ಲ ಅಂತ ನೀವೇ ಫೋನ್ ಮಾಡಿ ಹೇಳಿ. ಆದರೆ ಗಾಡಿ ಓಡುತ್ತಿರುವಾಗ ಫೋನ್ ಮಾಡಬೇಡಿ, ಹಾಲ್ಟ್ ಆದಾಗ ಅವರೇ ಮಾಡಲಿ.

ಆಕ್ಸಿಡೆಂಟ್ ವಿಷಯ. ಕಾನೂನು ಡ್ರೈವರ್‌ನ ಭಯವನ್ನೂ ಲೆಕ್ಕಕ್ಕೆ ತಗೊಂಡಿದೆ. ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಪ್ರಕಾರ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸೋದು ಡ್ರೈವರ್ ಕರ್ತವ್ಯ. ಜನ ಉದ್ರೇಕಗೊಂಡು ಅದು ಸಾಧ್ಯವಾಗದಿದ್ದರೆ ಅದಕ್ಕೆ ವಿನಾಯಿತಿ ಇದೆ. ಆಗ ಹತ್ತಿರದ ಪೊಲೀಸ್ ಸ್ಟೇಷನ್ನಿಗೆ ಹೋಗಿ ತಿಳಿಸಬೇಕು, ತಡ ಆದರೂ 24 ಗಂಟೆ ಒಳಗೆ. ಹಾಗಾಗಿ ಓಡಿ ಹೋಗೋದು ಬೇರೆ, ಸ್ಟೇಷನ್ನಿಗೆ ಹೋಗೋದು ಬೇರೆ. ಮೊದಲು 112ಕ್ಕೆ ಫೋನ್. ಹೆದ್ದಾರಿಯಲ್ಲಾದರೆ 1033 ಕೂಡ, ಆಂಬುಲೆನ್ಸೂ ಕ್ರೇನೂ ಬರುತ್ತದೆ. ಆ ಫೋನ್ ಕರೆಯೇ ಮುಂದೆ ಕೋರ್ಟಿನಲ್ಲಿ ಅವರ ಪರ ನಿಲ್ಲುತ್ತದೆ. ಗಾಯ ಆದವರಿಗೆ ಏಳು ದಿನದ ಒಳಗೆ ಒಂದೂವರೆ ಲಕ್ಷದವರೆಗೆ ನಗದು ಕಟ್ಟದೆ ಚಿಕಿತ್ಸೆ ಕೊಡುವ ಯೋಜನೆ 2025ರಲ್ಲಿ ಬಂದಿದೆ. ಆಸ್ಪತ್ರೆ ಖರ್ಚು ಯಾರು ಕೊಡೋದು ಅಂತ ಹೆದರಿ ಹಿಂದೆ ಸರಿಯೋದು ಬೇಡ.

ಪ್ರಶ್ನೆ: ಗುಂಡ್ಲುಪೇಟೆಯಿಂದ ಕೋಳಿಕ್ಕೋಡಿಗೆ ತರಕಾರಿ ಕಳಿಸುತ್ತೇವೆ. ಸಂಜೆ ಲೋಡ್ ಆಗೋದು ಎಂಟು ಗಂಟೆ. ಬಂಡೀಪುರ ಗೇಟ್ ಹಾಕಿಬಿಡುತ್ತಾರೆ. ಚಾಮರಾಜನಗರದ ಕಡೆಯಿಂದ ದಿಂಬಂ ಘಾಟ್ ಇಳಿದು ಸುತ್ತಿದರೆ ಹೇಗೆ?

ಉತ್ತರ: ಆ ಯೋಚನೆ ಬಿಡಿ. ಗೇಟ್ ಹಾಕೋದು ರಾತ್ರಿ 9ರಿಂದ ಬೆಳಗ್ಗೆ 6, 2009ರಿಂದ ಹೀಗೇ ಇದೆ. ಸುಲ್ತಾನ್ ಬತ್ತೇರಿ ರಸ್ತೆಗೂ ಊಟಿ ರಸ್ತೆಗೂ ಒಂದೇ ನಿಯಮ. ದಿಂಬಂನಲ್ಲಿ ಇನ್ನೂ ಬಿಗಿ. ಮದ್ರಾಸ್ ಹೈಕೋರ್ಟ್ ಆದೇಶದ ಮೇಲೆ 2022ರ ಫೆಬ್ರವರಿಯಿಂದ ಅಲ್ಲಿ ಭಾರಿ ಗಾಡಿಗೆ ಸಂಜೆ 6ಕ್ಕೇ ಬಾಗಿಲು. 27 ಹೇರ್‌ಪಿನ್ ತಿರುವು ಬೇರೆ. ಹುಣಸೂರು, ಗೋಣಿಕೊಪ್ಪ, ಕುಟ್ಟದ ಮೇಲೆ ಮಾನಂತವಾಡಿಗೆ ಹೋಗುವ ದಾರಿ ಇದೆ. ನಿಮಗೆ ಅದು ಹಿಂದಕ್ಕೆ ಹೋಗಿ ಮುಂದಕ್ಕೆ ಬಂದ ಹಾಗೆ, ಡೀಸೆಲ್ ದಂಡ.

ಲೋಡನ್ನು ಎರಡು ಗಂಟೆ ಹಿಂದಕ್ಕೆ ತನ್ನಿ. ಆರಕ್ಕೆ ಗಾಡಿ ಎತ್ತಿದರೆ ಒಂಬತ್ತಕ್ಕೆ ಮುಂಚೆ ಆರಾಮಾಗಿ ಕಾಡು ದಾಟುತ್ತೀರಿ. ಆಗದಿದ್ದರೆ ಬೆಳಗಿನ ಜಾವ ಕೊಯ್ಲು ಮಾಡಿಸಿ ಆರಕ್ಕೆ ಗೇಟಿನಲ್ಲಿ ನಿಲ್ಲಿ. ಎಂಟೂಮುಕ್ಕಾಲಿಗೆ ಗೇಟ್ ದಾಟಿ ಕಾಡೊಳಗೆ ಜೋರಾಗಿ ಓಡಿಸುವ ಚಟ ಬೇಡ, ಆನೆಗೆ ಟೈಮ್ ಗೊತ್ತಿರಲ್ಲ. ತಾಜಾ ತರಕಾರಿಗೆ ಇ-ವೇ ಬಿಲ್ ಬೇಡ, ಮಾಲಿನ ಬಿಲ್ಲು ಮಾತ್ರ ಇಟ್ಟುಕೊಳ್ಳಿ. ವಯನಾಡು ದಾಟಿ ತಾಮರಶ್ಶೇರಿ ಘಾಟಿನ ಒಂಬತ್ತು ತಿರುವು ಇಳಿಯುವ ಮುಂಚೆ ಮೇಲೇ ಐದು ನಿಮಿಷ ನಿಲ್ಲಿಸಿ, ಗಾಳಿ ಮೀಟರ್ ನೋಡಿ ಇಳಿಯಲಿ. ಮಳೆಗಾಲದಲ್ಲಿ ಆ ಘಾಟ್ ಮುಚ್ಚಿದೆಯಾ ಅಂತ ಹೊರಡುವ ದಿನ ಮಧ್ಯಾಹ್ನವೇ ಕೇಳಿಕೊಳ್ಳಿ.

ಪ್ರಶ್ನೆ: ಇಳಕಲ್ಲಿನಿಂದ ಕೊಯಮತ್ತೂರಿಗೆ ಗ್ರಾನೈಟ್ ಸ್ಲ್ಯಾಬ್ ಹೊರಟಿತ್ತು. ಚಿತ್ರದುರ್ಗ ದಾಟಿ ಗೇರ್ ಬಾಕ್ಸ್ ಹೋಯಿತು. ರಿಪೇರಿಗೆ ಎರಡು ದಿನ ಅಂದರು. ಇ-ವೇ ಬಿಲ್ ಮುಗಿಯುತ್ತದೆ, ಹೊಸ ಬಿಲ್ ಮಾಡಿಸಬೇಕಾ?

ಉತ್ತರ: ಹೊಸದು ಬೇಡ, ಅದನ್ನೇ ಮುಂದಕ್ಕೆ ಹಾಕಿಸಬಹುದು. ಅವಧಿ ಮುಗಿಯುವ 8 ಗಂಟೆ ಮುಂಚಿನಿಂದ ಮುಗಿದ 8 ಗಂಟೆವರೆಗೆ ಅವಕಾಶ. ಟ್ರಾನ್ಸ್‌ಪೋರ್ಟಿನವರೇ ಪೋರ್ಟಲ್‌ನಲ್ಲಿ ಕಾರಣ, ಗಾಡಿ ಈಗಿರುವ ಜಾಗ, ಉಳಿದ ಕಿಲೋಮೀಟರ್ ಹಾಕಿದರೆ ಆಯಿತು. ಅವಧಿ ಮುಗಿಯೋದು ನಡುರಾತ್ರಿ ಹನ್ನೆರಡಕ್ಕೆ. ಹಾಗಾಗಿ ಸಂಜೆ ನಾಲ್ಕರಿಂದ ಮರುದಿನ ಬೆಳಗ್ಗೆ ಎಂಟರವರೆಗೆ ಅಂತ ನೆನಪಿಟ್ಟುಕೊಳ್ಳಿ. ಅದು ದಾಟಿದ ಮೇಲೆ ಗಾಡಿ ಸಿಕ್ಕಿಬಿದ್ದರೆ ತೆರಿಗೆಯ ಎರಡರಷ್ಟು ದಂಡ ಕೇಳಬಹುದು. ಮಾಲಿನ ಮೇಲೆ ತೆರಿಗೆ 90,000 ಇದ್ದರೆ ದಂಡ 1,80,000. ಗೇರ್ ಬಾಕ್ಸಿಗಿಂತ ಅದೇ ದುಬಾರಿ. ಗ್ಯಾರೇಜಿನ ಬಿಲ್ಲು, ನಿಂತ ಗಾಡಿಯ ಫೋಟೊ ಇಟ್ಟುಕೊಂಡಿರಿ.

ಬೇರೆ ಲಾರಿಗೆ ಮಾಲು ಬದಲಾಯಿಸೋದಾದರೆ, ಆ ಲಾರಿ ಹೊರಡುವ ಮುಂಚೆ ‘ಬಿ’ ಭಾಗದಲ್ಲಿ ಅದರ ನಂಬರ್ ಹಾಕಿಸಿ. ಸ್ಲ್ಯಾಬ್ ಅಂದ ಮೇಲೆ ಬದಲಾಯಿಸೋದು ಹಮಾಲರ ಕೈ ಕೆಲಸ ಅಲ್ಲ, ಹೈಡ್ರಾ ಕ್ರೇನ್ ತರಿಸಿ. ಕಟ್ಟು ಬಿಚ್ಚಿದ ಮೇಲೆ ನಿಲ್ಲಿಸಿದ ಸ್ಲ್ಯಾಬ್ ಯಾವ ಕಡೆ ವಾಲುತ್ತದೆ ಅಂತ ಹೇಳೋಕಾಗಲ್ಲ. ಗಾಡಿ ಸಮತಟ್ಟು ಜಾಗದಲ್ಲಿರಲಿ, ಚಕ್ರಕ್ಕೆ ಕಟ್ಟೆ ಕೊಟ್ಟಿರಲಿ, ಕ್ರೇನಿನ ಬೆಲ್ಟು ಬಿಗಿಯಾಗುವ ತನಕ ಒಬ್ಬರೂ ಬಾಡಿಯೊಳಗೆ ನಿಲ್ಲೋದು ಬೇಡ.